ತಿಂಗಳುಗಟ್ಟಲೆ ನಿಂತ ಹಳೆ ಕಾರ್ಬುರೇಟರ್ ಓಮ್ನಿ ಸ್ಟಾರ್ಟ್ ಆಗ್ತಿಲ್ಲ, ಏನು ಮಾಡಲಿ?

ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುತ್ತಿಲ್ಲ ಅಂದಿದ್ದೀರಿ. ಹಾಗಾದರೆ ಬ್ಯಾಟರಿ ಸರಿಯಿದೆ, ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಒಣಗಿರಬೇಕು. ಅದರೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿಗೆ ಗಾಳಿಕಿಂಡಿ ಇರುತ್ತದೆ, ಕೆಲವು ವಾರಗಳಲ್ಲಿ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಈ ಗಾಡಿಯ ಪೆಟ್ರೋಲ್ ಪಂಪ್ ನಡೆಯುವುದು ಎಂಜಿನ್ ತಿರುಗಿದಾಗ ಮಾತ್ರ. ಸುಮ್ನೆ ಕೀ ಆನ್ ಮಾಡಿ ಕಾದರೆ ಏನೂ ಆಗದು.

10 ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ. ಬಿಡದಿದ್ದರೆ ಸ್ಟಾರ್ಟರ್ ಮೋಟಾರ್ ಬಿಸಿಯಾಗುತ್ತದೆ. ಹೀಗೆ ಮೂರ್ನಾಲ್ಕು ಸಲ. ಆಮೇಲೆ ಚೋಕ್ (ಗಾಳಿ ಕಡಿಮೆ ಮಾಡುವ ಗುಂಡಿ) ಪೂರ್ತಿ ಎಳೆದು, ಆಕ್ಸಿಲರೇಟರ್ ಎರಡು ಸಲ ತುಳಿದು ಬಿಟ್ಟು, ಸ್ಟಾರ್ಟ್ ಮಾಡಿ. ತುಳಿದಾಗಲೆಲ್ಲ ಒಳಗೆ ಸ್ವಲ್ಪ ಪೆಟ್ರೋಲ್ ಚಿಮ್ಮುತ್ತದೆ, ಅದಕ್ಕೇ ಜಾಸ್ತಿ ಬೇಡ. ಪೆಟ್ರೋಲ್ ವಾಸನೆ ಗಮ್ಮೆಂದರೆ ಫ್ಲಡ್ ಆಗಿದೆ, ಅಂದರೆ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿಯಾಗಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಿರಿ.

ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿಯುವ ಬುದ್ಧಿವಂತಿಕೆ ಬೇಡ. ಎಂಜಿನ್ ಇರೋದು ನಿಮ್ಮ ಸೀಟಿನ ಕೆಳಗೇ, ಅಲ್ವಾ? ಬ್ಯಾಕ್‌ಫೈರ್ ಆದರೆ, ಅಂದರೆ ಎಂಜಿನ್ ಒಳಗಿನ ಉರಿ ಕಾರ್ಬುರೇಟರ್ ಕಡೆ ಹಿಂದಕ್ಕೆ ಚಿಮ್ಮಿದರೆ, ಬೆಂಕಿ. ಈಗಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ಹಳೆ ರಬ್ಬರ್ ಪೈಪುಗಳನ್ನು ಹಾಳು ಮಾಡಬಹುದು, ಮೊದಲು ಅವನ್ನೊಮ್ಮೆ ನೋಡಿಬಿಡಿ.