ಕ್ಯಾಲ್ಕುಲೇಟರ್ ಕೊಟ್ಟ ಕೋನವೇ ವೆಕ್ಟರಿನ ದಿಕ್ಕೇ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. (−7, 2) ಮತ್ತು (3, 1) ಸದಿಶಗಳನ್ನು (ವೆಕ್ಟರ್‌ಗಳನ್ನು) ಕೂಡಿಸಿದಾಗ (−4, 3) ಬಂತು. ದಿಕ್ಕಿಗಾಗಿ ವೈ ಘಟಕವನ್ನು ಎಕ್ಸ್ ಘಟಕದಿಂದ ಭಾಗಿಸಿ ಟ್ಯಾನ್ ಇನ್ವರ್ಸ್ ಒತ್ತಿದರೆ ಕ್ಯಾಲ್ಕುಲೇಟರ್ −36.87° ತೋರಿಸುತ್ತದೆ. ಪುಸ್ತಕದಲ್ಲಿ ಉತ್ತರ 143.13° ಎಂದಿದೆ. ಎಲ್ಲಿ ತಪ್ಪಿದೆ ಸರ್?

ಉತ್ತರ: ನೀವು ಕೂಡಿಸಿದ್ದು ಸರಿಯಾಗಿದೆಯಮ್ಮ. ಪರಿಮಾಣ √(16 + 9) = 5. ತೊಡಕಾಗಿರುವುದು ಭಾಗಾಕಾರದಲ್ಲಿ. 3ನ್ನು −4ರಿಂದ ಭಾಗಿಸಿದರೂ −0.75, −3ನ್ನು 4ರಿಂದ ಭಾಗಿಸಿದರೂ −0.75. ಋಣ ಚಿಹ್ನೆ ಎಕ್ಸ್ ಘಟಕದ್ದೋ ವೈ ಘಟಕದ್ದೋ ಎಂಬುದು ಅಲ್ಲಿಗೆ ಅಳಿಸಿಹೋಯಿತು. ಟ್ಯಾನ್ ಬೆಲೆ 180°ಗೊಮ್ಮೆ ಮರುಕಳಿಸುತ್ತದೆ. ಹಾಗಾಗಿ ಕ್ಯಾಲ್ಕುಲೇಟರ್ −90° ಮತ್ತು 90°ರ ನಡುವಿನ ಕೋನವನ್ನಷ್ಟೇ ಕೊಡುತ್ತದೆ. ಅಂದರೆ ಅದು ನೋಡುವುದು ವೈ ಅಕ್ಷದ ಬಲಭಾಗವನ್ನು ಮಾತ್ರ.

ನಿಮ್ಮ ಸದಿಶವಾದರೋ ಎಡಕ್ಕೆ 4, ಮೇಲಕ್ಕೆ 3 ಹೋಗಿ ನಿಂತಿದೆ. −36.87° ಅದಕ್ಕೆ ನೇರ ವಿರುದ್ಧ ದಿಕ್ಕು. ಎಕ್ಸ್ ಘಟಕ ಋಣವಾಗಿದ್ದರೆ ಬಂದ ಕೋನಕ್ಕೆ 180° ಕೂಡಿಸಿ: 143.13°. ಎಕ್ಸ್ ಅಕ್ಷ ಪೂರ್ವ, ವೈ ಅಕ್ಷ ಉತ್ತರ ಎಂದುಕೊಂಡರೆ, ಇದು ಪಶ್ಚಿಮದಿಂದ ಉತ್ತರದ ಕಡೆಗೆ 36.87°.

(−4, −3) ಬಂದಿದ್ದರೆ ಇನ್ನೂ ಅಪಾಯ. ಕ್ಯಾಲ್ಕುಲೇಟರ್ 36.87° ಎನ್ನುತ್ತದೆ, ಅನುಮಾನವೇ ಬರುವುದಿಲ್ಲ. ನಿಜವಾದ ಕೋನ 216.87°. ಅದಕ್ಕೇ ಗುಂಡಿ ಒತ್ತುವ ಮುಂಚೆ ಒಂದು ಒರಟು ಚಿತ್ರ ಬರೆಯಿರಿ ಎಂದು ಒತ್ತಿ ಹೇಳುತ್ತೇನೆ. ಎಕ್ಸ್ ಘಟಕ ಸೊನ್ನೆಯಾದಾಗ ಭಾಗಿಸಲೇ ಆಗದು. ವೈ ಧನವಾದರೆ 90°, ಋಣವಾದರೆ 270° ಎಂದು ಚಿತ್ರವೇ ತೋರಿಸುತ್ತದೆ.

ಸಮಾಂತರ ಚತುರ್ಭುಜ ನಿಯಮದ ಸೂತ್ರದಲ್ಲೂ ಇದೇ ಬಲೆ ಇದೆ. ಎ, ಬಿ ಎರಡು ಸದಿಶಗಳ ಪರಿಮಾಣ, ಥೀಟಾ ಅವುಗಳ ನಡುವಿನ ಕೋನ ಎಂದುಕೊಂಡರೆ, ಅಲ್ಲಿ ಟ್ಯಾನ್ ಬೆಲೆಯ ಅಂಶ ಬಿ ಸೈನ್ ಥೀಟಾ, ಛೇದ ಎ + ಬಿ ಕಾಸ್ ಥೀಟಾ. ಎ = 2, ಬಿ = 6, ನಡುವಿನ ಕೋನ 120° ಆದರೆ ಛೇದ 2 − 3 = −1, ಅಂಶ 5.196. ಕ್ಯಾಲ್ಕುಲೇಟರ್ ಸುಮಾರು −79.1° ಕೊಡುತ್ತದೆ. ಎರಡು ಸದಿಶಗಳ ಮೊತ್ತ ಅವುಗಳ ನಡುವೆಯೇ ಇರಬೇಕಲ್ಲವೇ? ಆದ್ದರಿಂದ ಎ ಸದಿಶದಿಂದ ಅದರ ಕೋನ 100.9°. ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ಇಂಥ ಕಡೆಯೇ.

ಮುಂದೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ‘ಎಟ್ಯಾನ್2’ ಫಂಕ್ಷನ್ ಸಿಗುತ್ತದೆ. ಅದು ಎರಡೂ ಘಟಕಗಳನ್ನು ಬೇರೆಬೇರೆಯಾಗಿ ತೆಗೆದುಕೊಳ್ಳುವುದರಿಂದ ಚಿಹ್ನೆ ಕಳೆದುಹೋಗುವುದಿಲ್ಲ. ಪೈಥಾನಿನಲ್ಲಿ ವೈ ಮೊದಲು ಬರೆಯಬೇಕು, ಎಕ್ಸೆಲ್‌ನಲ್ಲಿ ಎಕ್ಸ್ ಮೊದಲು; ಎರಡರಲ್ಲೂ ಉತ್ತರ ಬರುವುದು ರೇಡಿಯನ್‌ನಲ್ಲಿ.