ಮೂರು ಸಲ ಹೋದರೆ ಅದು ಬೇರಿಂಗ್ ತಪ್ಪಲ್ಲ

ಆರ್‌ಎಕ್ಸ್ 100 ಯಮಹಾ ಬೈಕಿನಲ್ಲಿ ಮ್ಯಾಗ್ನೆಟ್ ಕಡೆಯ (ಕರೆಂಟ್ ಹುಟ್ಟಿಸುವ ಚಕ್ರ ಇರುವ ಕಡೆಯ) ಕ್ರ್ಯಾಂಕ್ ಬೇರಿಂಗ್, ಅಂದರೆ ಪಿಸ್ಟನ್ ತಿರುಗಿಸುವ ದಂಡದ ಬೇರಿಂಗ್, ಮೂರನೇ ಸಲ ಹೋಯಿತು, ಒಳ್ಳೆ ಬೇರಿಂಗ್ ಹಾಕಿದರೂ ಯಾಕೆ ಅಂತ ಕೇಳಿದ್ದೀರಿ. ಪ್ರತಿ ಸಲ ಒಂದೇ ಕಡೆ ಅಂದಿದ್ದೀರಲ್ಲ, ಅದೇ ಸುಳಿವು.

ಹಳೇ ಬೇರಿಂಗ್ ಎಸೆದಿಲ್ಲ ಅಲ್ವಾ? ಹೊರ ರಿಂಗಿನ ಮೈ ಉಜ್ಜಿ ಹೊಳೆಯುತ್ತಿದ್ದರೆ ಅದು ಇಂಜಿನ್ ಕೇಸಿನೊಳಗೆ ಸುತ್ತಿದೆ. ಕೇಸ್ ತಣ್ಣಗಿದ್ದಾಗ ಬೇರಿಂಗ್ ಕೈಯಲ್ಲೇ ಇಳಿದರೆ ಆ ಜಾಗ ಸವೆದಿದೆ ಅಂತಲೇ. ಕೇಸನ್ನು ಸುಮಾರು 100 ಡಿಗ್ರಿಗೆ ಕಾಯಿಸಿದ ಮೇಲೆ ಇಳಿಯಬೇಕು. ಸವೆದ ಜಾಗಕ್ಕೆ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವುದೆಲ್ಲ ನಾಲ್ಕು ದಿನದ ಆಟ. ಗುಂಡುಗಳು ನೀಲಿ ತಿರುಗಿದ್ದರೆ ಆಯಿಲ್ ಸಾಲದೆ ಕಾದಿವೆ. ಕಂದು ಚುಕ್ಕೆ ಇದ್ದರೆ ತುಕ್ಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ಇದು ಮಾಮೂಲು.

ನನ್ನ ಅನುಮಾನ ಮಾತ್ರ ಕ್ರ್ಯಾಂಕ್ ಮೇಲೆ. ಅದು ಒಂದೇ ತುಂಡಲ್ಲ, ಎರಡು ಭಾಗಗಳನ್ನು ಪಿನ್ನಿಗೆ ಒತ್ತಿ ಕೂರಿಸಿದ್ದು. ಸುತ್ತಿಗೆಯಲ್ಲಿ ಬಡಿದರೆ ವಾಲುತ್ತದೆ. ಹಾಸನದಲ್ಲಿ ಒಬ್ಬರು ನನ್ನ ಗಾಡಿಗೆ ಹಾಗೇ ಮಾಡಿದ್ದರು, ಎರಡು ಬೇರಿಂಗ್ ದುಡ್ಡು ಸುಮ್ನೆ ಹೋಯಿತು. ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ (ಸಣ್ಣ ಓಲಾಟ ಅಳೆಯುವ ಮೀಟರ್) ಇಟ್ಟು ನೋಡಿಸಿ. 0.03 ಮಿ.ಮೀ.ಗಿಂತ ಜಾಸ್ತಿ ಓಲಾಡಿದರೆ ನೇರ ಮಾಡಿಸದೆ ಹೊಸ ಬೇರಿಂಗ್ ಹಾಕಬೇಡಿ.

ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲನ್ನೂ (ಕ್ರ್ಯಾಂಕ್ ಸುತ್ತಲಿನ ರಬ್ಬರ್ ಬಳೆ) ಬದಲಾಯಿಸಿ. ಅದು ಗಾಳಿ ಎಳೆದರೆ ಪೆಟ್ರೋಲ್-ಗಾಳಿ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ಇಂಜಿನ್ ಕಾಯುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ.

ಹಾಂ, ಪೆಟ್ರೋಲಿಗೇ ಆಯಿಲ್ ಬೆರೆಸುತ್ತೀರಿ ಅಂದಿರಿ. ಹಾಗಾದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಎಳೆಸಬೇಡಿ. ಪೆಟ್ರೋಲ್ ಹೋಗದಿದ್ದರೆ ಆಯಿಲೂ ಹೋಗುವುದಿಲ್ಲ. ಆಗಾಗ ಸ್ವಲ್ಪ ತಿರುವುತ್ತಿರಿ.