ಬಿಡೋದು ಹೇಗೆ ಅಂತ ಕೇಳಿದ್ದೀರಿ, ನಾನು ಮೂರು ಸಲ ಬಿಟ್ಟವನು

ಗುಟ್ಟಾಗಿ ಹೆಂಗಸರ ಬಟ್ಟೆ ಹಾಕಿಕೊಳ್ಳುತ್ತೀರಿ, ಇನ್ನು ಮೂರು ತಿಂಗಳಿಗೆ ಮದುವೆ. ಇದು ಮಾನಸಿಕ ಕಾಯಿಲೆಯಾ, ಅಷ್ಟರೊಳಗೆ ಬಿಡೋದು ಹೇಗೆ ಅಂತ ನಿಮ್ಮ ಪ್ರಶ್ನೆ. ಬೀರುವಿನ ಹಿಂದೆ ಇರುವ ಚೀಲವನ್ನು ಎಸೆದುಬಿಡಬೇಕು ಅಂತಲೂ ಬರೆದಿದ್ದೀರಿ. ಆ ಸಾಲನ್ನು ಎರಡು ಸಲ ಓದಿದೆ. ನನ್ನ ಹತ್ತಿರವೂ ಅಂಥದ್ದೊಂದು ಚೀಲ ಇತ್ತು.

ನನ್ನ ಮದುವೆಗೆ ಹತ್ತು ದಿನ ಇರುವಾಗ ಅದನ್ನು ಎಸೆದೆ. ಅದು ಮೂರನೇ ಸಲ. ಒಂದು ನೀಲಿ ಸ್ಕರ್ಟ್, ಎರಡು ಟಾಪ್, ಅರ್ಧ ಮುಗಿದ ಲಿಪ್‌ಸ್ಟಿಕ್. ಮತ್ತೆ ಕಸದಿಂದ ಎತ್ತಿಕೊಂಡು ಬರಬಾರದು ಅಂತ ಸ್ಕರ್ಟನ್ನು ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದೆ. ಆ ರಾತ್ರಿ ಒಳ್ಳೆ ನಿದ್ದೆ ಬಂತು. ಮದುವೆಯಾದ ಎಂಟನೇ ತಿಂಗಳಿಗೆ ಹೊಸ ಸ್ಕರ್ಟ್ ತಂದಿದ್ದೆ. ಹೀಗೆ ಎಲ್ಲ ಎಸೆಯೋದು, ಮತ್ತೆ ಕೊಳ್ಳೋದು ಎಷ್ಟೋ ಜನರಿಗೆ ಆಗುತ್ತದೆ. ಕ್ರಾಸ್‌ಡ್ರೆಸ್ ಮಾಡುವವರ, ಅಂದರೆ ನಮ್ಮ ಹಾಗೆ ಬೇರೆ ಲಿಂಗದವರ ಬಟ್ಟೆ ಹಾಕುವವರ ನಡುವೆ ಇದಕ್ಕೆ 'ಪರ್ಜ್' ಅಂತ ಹೆಸರೇ ಇದೆ.

ಮದುವೆಯಾದ ನಾಲ್ಕನೇ ವರ್ಷ ಹೊಸ ಬಟ್ಟೆ ಇಟ್ಟಿದ್ದ ಚೀಲ ನನ್ನ ಹೆಂಡತಿಗೆ ಸಿಕ್ಕಿತು. ನಾನು ಮನೆಗೆ ಬಂದಾಗ ಬಟ್ಟೆಯೆಲ್ಲ ಮಂಚದ ಮೇಲೆ ಸುರಿದುಕೊಂಡು ಕೂತಿದ್ದಳು. ಒಂದು ಟಾಪ್ ತೆಗೆದು ತನ್ನ ಭುಜಕ್ಕೆ ಹಿಡಿದು ನೋಡಿದಳು. ಅವಳಿಗಿಂತ ಎರಡು ಸೈಜ್ ದೊಡ್ಡದು. "ಯಾರು ಅವಳು?" ಅಂದಳು.

ನಾನು ತಲೆ ತಗ್ಗಿಸಿ, "ಮುಗಿದು ಹೋಯ್ತು, ಈಗ ಏನೂ ಇಲ್ಲ" ಅಂದೆ.

ನಾನು ಮಾಡಿದ ತಪ್ಪು ಇದೇ. ಇಲ್ಲದ ಒಬ್ಬ ಹೆಂಗಸನ್ನು ಹುಟ್ಟಿಸಿದೆ. ಯಾಕೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಹೆಂಡತಿಗೆ ಮೋಸ ಮಾಡಿದ ಗಂಡನನ್ನು ಜನ ಬೈಯುತ್ತಾರೆ, ಸ್ವಲ್ಪ ದಿನಕ್ಕೆ ಸುಮ್ಮನಾಗುತ್ತಾರೆ. ಸ್ಕರ್ಟ್ ಹಾಕುವ ಗಂಡಸನ್ನು ನೋಡಿ ನಗುತ್ತಾರೆ. ಬೈಗುಳ ತಡೆದುಕೊಳ್ಳಬಹುದು, ನಗು ಆಗಲ್ಲ ಅನ್ನಿಸಿತು. ಆ ಒಂದು ಗಳಿಗೆಯಲ್ಲಿ ಅದೇ ಸುಲಭ ಕಂಡಿತು. ಆದರೆ ಅವಳು ಅಲ್ಲಿಗೇ ಬಿಡಲಿಲ್ಲ. ಹೆಸರು ಕೇಳಿದಳು, ಒಂದು ಹೆಸರು ಹೇಳಿದೆ. ಎಲ್ಲಿ ಪರಿಚಯ, ಎಷ್ಟು ದಿನದಿಂದ, ಎಲ್ಲದಕ್ಕೂ ಒಂದೊಂದು ಉತ್ತರ ಕಟ್ಟಿದೆ. ಕಟ್ಟಿದಷ್ಟೂ ನಿಜ ಹೇಳುವ ದಾರಿ ಮುಚ್ಚುತ್ತಾ ಹೋಯಿತು. "ನಾನು ಸಣಕಲು ಅಂತಾನಾ?" ಅಂತ ಒಂದು ದಿನ ಕನ್ನಡಿ ಮುಂದೆ ನಿಂತು ಕೇಳಿದಳು. ಆಗಲೂ ಬಾಯಿ ಬಿಡಲಿಲ್ಲ. ಎರಡು ವರ್ಷ ಅವಳು ತನ್ನನ್ನು ಇಲ್ಲದ ಹೆಂಗಸಿನ ಜೊತೆ ಹೋಲಿಸಿಕೊಂಡಳು.

ಬೇರೆಯಾಗೋದು ಅಂತ ತೀರ್ಮಾನ ಆದಮೇಲೆ ನಿಜ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಬಟ್ಟೆ ವಿಷಯ ಗೊತ್ತಾಗಿದ್ದರೆ ಇರ್ತಿದ್ದೆನೋ ಹೋಗ್ತಿದ್ದೆನೋ, ನನಗೂ ಗೊತ್ತಿಲ್ಲ. ಅದನ್ನ ಯೋಚನೆ ಮಾಡೋಕೂ ನೀನು ನನಗೆ ಬಿಡಲಿಲ್ಲ."

ಕಾಯಿಲೆಯಾ ಅಂತ ಕೇಳಿದಿರಲ್ಲ, ಅಲ್ಲ. ಬೇರೆಯಾದಮೇಲೆ ನಿದ್ದೆ ಬಾರದೆ ಒಬ್ಬ ಮನೋವೈದ್ಯರ ಹತ್ತಿರ ಹೋಗಿದ್ದೆ. ಅವರು ಚಿಕಿತ್ಸೆ ಕೊಟ್ಟಿದ್ದು ನನ್ನ ಖಿನ್ನತೆಗೆ, ಸ್ಕರ್ಟಿನ ಆಸೆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಹಿಂದೆ ಇದಕ್ಕೆ ಎರಡು ಹೆಸರು ಇದ್ದವು. 2022ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಎರಡೂ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿಯಲ್ಲಿ 'ಟ್ರಾನ್ಸ್‌ವೆಸ್ಟಿಕ್ ಡಿಸಾರ್ಡರ್' ಅಂತ ಇದೆ ನಿಜ. ಆದರೆ ಬಟ್ಟೆಯಿಂದ ತೀವ್ರ ಲೈಂಗಿಕ ಉದ್ರೇಕ ಕನಿಷ್ಠ 6 ತಿಂಗಳು ಇರಬೇಕು, ಜೊತೆಗೆ ಅದರಿಂದ ತುಂಬಾ ಸಂಕಟ ಆಗುತ್ತಿರಬೇಕು ಅಥವಾ ಕೆಲಸ, ಸಂಸಾರಕ್ಕೆ ಪೆಟ್ಟು ಬಿದ್ದಿರಬೇಕು. ಬರೀ ಬಟ್ಟೆ ಹಾಕಿಕೊಂಡರೆ ಆ ಹೆಸರು ಅಂಟಲ್ಲ. ನಿಮ್ಮನ್ನು 'ಸರಿ ಮಾಡ್ತೀನಿ' ಅಂತ ಯಾರಾದರೂ ಮಾತು ಕೊಟ್ಟರೆ ಎದ್ದು ಬನ್ನಿ.

ಪದಗಳ ಬಗ್ಗೆ ನಿಮಗೆ ಗೊಂದಲ ಇದೆ ಅನ್ನಿಸಿತು. 'ಟ್ರಾನ್ಸ್‌ವೆಸ್ಟೈಟ್' ಅನ್ನೋದು ಹೀಗೆ ಬಟ್ಟೆ ಹಾಕುವವರಿಗೆ ಜರ್ಮನಿಯ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1910ರಲ್ಲಿ ಕೊಟ್ಟ ಹೆಸರು. ಇದು ಬೇರೆ, ಸಲಿಂಗ ಪ್ರೇಮ ಬೇರೆ ಅಂತ ಅವರು ಆಗಲೇ ಬಿಡಿಸಿ ಹೇಳಿದ್ದರು. ಈಗ ಆ ಪದ ಕೇಳಿದರೆ ತುಂಬಾ ಜನರಿಗೆ ನೋವಾಗುತ್ತದೆ, ಕ್ರಾಸ್‌ಡ್ರೆಸರ್ ಅನ್ನಿ ಸಾಕು. ಡ್ರ್ಯಾಗ್ ಅಂದರೆ ಅಂಥ ವೇಷ ಹಾಕಿ ಮಾಡುವ ವೇದಿಕೆಯ ಪ್ರದರ್ಶನ. ಹುಟ್ಟಿದಾಗ ಗಂಡು ಅಂತ ಗುರುತಿಸಿದ್ದ ಟ್ರಾನ್ಸ್ ಮಹಿಳೆ ಮಹಿಳೆಯೇ, ಅವರು ತಮ್ಮ ಬಟ್ಟೆ ತಾವು ಹಾಕಿಕೊಳ್ಳೋದು ಕ್ರಾಸ್‌ಡ್ರೆಸ್ಸಿಂಗ್ ಅಲ್ಲ. ನಾನು ಗಂಡಸೇ, ಆ ಬಟ್ಟೆಯಲ್ಲಿ ನನಗೆ ನೆಮ್ಮದಿ, ಅಷ್ಟೇ. ನಿಮಗೆ ಬಟ್ಟೆಗಿಂತ ಹೆಚ್ಚಾಗಿ ಗಂಡು ಅನ್ನಿಸಿಕೊಳ್ಳೋದೇ ಹಿಂಸೆ ಅನ್ನಿಸುತ್ತಿದ್ದರೆ ಅದು ಬೇರೆ ಮಾತು, ಅಂಥ ಹಿಂಸೆಗೆ ಜೆಂಡರ್ ಡಿಸ್ಫೋರಿಯಾ ಅಂತಾರೆ, ಅದರ ಬಗ್ಗೆ ತಿಳಿದ ವೈದ್ಯರ ಹತ್ತಿರ ಮಾತಾಡಿ. ಅದನ್ನು ಮದುವೆಗೆ ಮೊದಲೇ ಮಾಡಿ.

ಮೂರು ತಿಂಗಳಲ್ಲಿ ಬಿಡೋದು ಹೇಗೆ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ನೀವು ಹುಡುಕಬೇಕಾಗಿದ್ದು ಅದಲ್ಲ. ಆ ಹುಡುಗಿಗೆ ಮದುವೆಗೆ ಮೊದಲು ಎದುರು ಕೂತು ಹೇಳಿ. ಬಿಟ್ಟುಬಿಡ್ತೀನಿ ಅಂತ ಮಾತ್ರ ಮಾತು ಕೊಡಬೇಡಿ. ಅವರು ಬೇಡ ಅಂದರೆ ಅದು ಅವರ ಹಕ್ಕು. ಈಗ ಹೇಳೋಕೆ ಆಗಲ್ಲ ಅಂದರೆ ಮದುವೆ ಮುಂದೆ ಹಾಕಿ. ಕೌನ್ಸೆಲರ್ ಹತ್ತಿರ ಹೋಗೋದಾದರೆ ಬಿಡೋದು ಹೇಗೆ ಅಂತ ಕೇಳೋಕೆ ಹೋಗಬೇಡಿ, ಹೇಳೋದು ಹೇಗೆ ಅಂತ ಕಲಿಯೋಕೆ ಹೋಗಿ.

ನೀವು ಮದುವೆಯಾಗುವ ಹುಡುಗಿ ಬಹುಶಃ ಮೂರು ಪ್ರಶ್ನೆ ಕೇಳುತ್ತಾರೆ. ನಿನಗೆ ಗಂಡಸರು ಇಷ್ಟಾನಾ? ನೀನು ಹೆಣ್ಣಾಗಬೇಕು ಅಂತಿದ್ದೀಯಾ? ಇದು ಇನ್ಯಾರಿಗೆ ಗೊತ್ತು? ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಪರವಾಗಿಲ್ಲ. ನನ್ನ ಹೆಂಡತಿ ಕೇಳಿದ್ದೂ ಇವನ್ನೇ. ಮೂರಕ್ಕೂ ಉತ್ತರ ಕೊಟ್ಟೆ, ಮದುವೆಯಾಗಿ ಆರು ವರ್ಷ ಆದಮೇಲೆ.